ಟ್ಯಾಕ್ಸ್ ಎಂಬ ಅಂದಾಜು



ಇವತ್ತಿನ ಮಾತು ಒಂದು ಇಂಗ್ಲಿಷ್ ಶಬ್ದದ ಸುತ್ತ. ಆ ಶಬ್ದ ಇಂಗ್ಲಿಷ್ ಓದಿದವರಿಗೂ ಗೊತ್ತು, ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಟ್ಯಾಕ್ಸ್. ಸಿರುಗುಪ್ಪದ ಯಾವ ಓಣಿಯಲ್ಲಿ ಕೇಳಿದರೂ ಮನೆ ಟ್ಯಾಕ್ಸ್, ನಳದ ಟ್ಯಾಕ್ಸ್, ರೋಡ್ ಟ್ಯಾಕ್ಸ್ ಎಂದೇ ಹೇಳುತ್ತಾರೆ. ಕಂದಾಯ ಎಂದರೆ ಹೊಲದ್ದು, ಟ್ಯಾಕ್ಸ್ ಎಂದರೆ ಊರಿನದು. ಹೀಗೊಂದು ಪಾಲು ನಮ್ಮ ಬಾಯಿಯಲ್ಲೇ ಆಗಿಹೋಗಿದೆ.

ಈ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಹಣ ವಸೂಲು ಮಾಡು ಎಂಬ ಅರ್ಥ ಮೊದಲು ಇರಲಿಲ್ಲ. ಮುಟ್ಟಿ ನೋಡು, ಬೆಲೆ ಕಟ್ಟು, ಅಂದಾಜು ಮಾಡು, ಇವೇ ಅದರ ಅರ್ಥಗಳು. ಭತ್ತದ ವ್ಯಾಪಾರಿ ಚೀಲದೊಳಗೆ ಕೈ ಹಾಕುತ್ತಾನಲ್ಲ. ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಎರಡು ಕಾಳು ಹಲ್ಲಿನಲ್ಲಿ ಕಡಿದು, ಇಷ್ಟು ತೇವ ಇದೆ, ಇಷ್ಟು ಜೊಳ್ಳಿದೆ ಎಂದು ಹೇಳಿಬಿಡುತ್ತಾನಲ್ಲ. ಅದು, ಮೂಲದ ಅರ್ಥದಲ್ಲಿ, ಟ್ಯಾಕ್ಸ್. ದುಡ್ಡಿನ ಮಾತು ಬರುವುದು ಆಮೇಲೆ.

ಇಂಗ್ಲಿಷಿನಲ್ಲಿ ಈ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಇಂಗ್ಲೆಂಡಿನ ಕೋರ್ಟುಗಳಲ್ಲಿ ವಕೀಲರ ಖರ್ಚಿನ ಬಿಲ್ಲನ್ನು ಪರಿಶೀಲಿಸಿ, ಇಷ್ಟು ಸರಿ, ಇಷ್ಟು ಹೆಚ್ಚು ಎಂದು ತೀರ್ಮಾನಿಸುವುದಕ್ಕೆ ಟ್ಯಾಕ್ಸ್ ಮಾಡುವುದು ಎಂದೇ ಹೆಸರಿತ್ತು. ಆ ಪದ್ಧತಿ ನಮ್ಮ ದೇಶದ ಕೋರ್ಟುಗಳಿಗೂ ಬಂತು. ಅಲ್ಲಿ ಟ್ಯಾಕ್ಸ್ ಎಂದರೆ ಯಾರಿಗೂ ತೆರಿಗೆ ಹಾಕುವುದಲ್ಲ, ಬಿಲ್ಲನ್ನು ತೂಗಿ ನೋಡುವುದು. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲಿನಲ್ಲಿ ಯೇಸುವಿನ ಜನನದ ಕಥೆ ಬರುತ್ತದೆ. ರೋಮಿನ ಚಕ್ರವರ್ತಿ ಲೋಕಕ್ಕೆಲ್ಲ ಟ್ಯಾಕ್ಸ್ ಆಗಬೇಕೆಂದು ಆಜ್ಞೆ ಹೊರಡಿಸಿದ ಎಂದು ಅದರಲ್ಲಿದೆ. ಆದರೆ ಅಲ್ಲಿನ ಸಂಗತಿ ಹಣದ್ದಲ್ಲ, ಜನಗಣತಿಯದು. ಹೆಸರು ಬರೆಸಲಿಕ್ಕೆಂದೇ ಯೋಸೇಫ ಮತ್ತು ತುಂಬು ಬಸುರಿ ಮರಿಯ ಬೆತ್ಲೆಹೇಮಿಗೆ ಹೋದದ್ದು.

ಇನ್ನೂ ಕೆಲವು ಬಳಕೆಗಳಿವೆ. ಒಬ್ಬನ ಮೇಲೆ ತಪ್ಪು ಹೊರಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಕ್ರಿಯಾಪದ. ತಲೆ ತಿನ್ನುವ ಕೆಲಸಕ್ಕೂ, ತಾಳ್ಮೆ ಪರೀಕ್ಷಿಸುವ ಮನುಷ್ಯನಿಗೂ ಇದೇ ಮಾತು. ನಾವು ಬಾಡಿಗೆಗೆ ಹಿಡಿಯುವ ಟ್ಯಾಕ್ಸಿ ಕೂಡ ಇದರ ವಂಶದ್ದೇ. ದೂರ ಅಳೆದು ದರ ತೋರಿಸುವ ಯಂತ್ರಕ್ಕೆ ಟ್ಯಾಕ್ಸಿಮೀಟರ್ ಎಂದು ಹೆಸರಾಯಿತು. ಯಂತ್ರದ ಹೆಸರಿನ ಅರ್ಧ ಕಾರಿಗೆ ಅಂಟಿಕೊಂಡಿತು. ನಮ್ಮ ಕಡೆ ಮೀಟರ್ ಹಾಕುವ ಟ್ಯಾಕ್ಸಿ ಹುಡುಕಿದರೂ ಸಿಗುವುದಿಲ್ಲ, ಅದು ಬೇರೆ ಮಾತು.

ಕನ್ನಡದಲ್ಲಿ ನಾವು ತೆರಿಗೆ ಎನ್ನುತ್ತೇವೆ. ಅದು ತೆರು ಎಂಬ ಧಾತುವಿನಿಂದ ಬಂದದ್ದು. ದಂಡ ತೆತ್ತ, ಪ್ರಾಣ ತೆತ್ತ ಎನ್ನುತ್ತೇವಲ್ಲ, ಅದೇ ತೆರು. ನಮ್ಮ ಶಬ್ದ ಕೊಡುವವನ ಕಡೆ ನಿಂತಿದೆ. ಇಂಗ್ಲಿಷ್ ಶಬ್ದ ಬೆಲೆ ಕಟ್ಟುವವನ ಕಡೆ ನಿಂತಿದೆ. ಇವತ್ತು ನನಗೆ ಬೇಕಾಗಿರುವುದು ಆ ಬೆಲೆ ಕಟ್ಟುವವನೇ. ಯಾಕೆಂದರೆ ನಮ್ಮ ಸಿರುಗುಪ್ಪ, ಕುರುಗೋಡು, ಬಳ್ಳಾರಿ ಸೀಮೆಯಲ್ಲಿ ತೆರಿಗೆಯ ಜಗಳ ಯಾವಾಗ ಎದ್ದರೂ ಅದರ ಬುಡದಲ್ಲಿ ಅಂದಾಜಿನ ಜಗಳ ಇದೆ. ಕೊಡಬೇಕೋ ಬೇಡವೋ ಎಂದು ನಮ್ಮ ಹಿರಿಯರು ಹೆಚ್ಚು ವಾದಿಸಿದಂತೆ ಕಾಣುವುದಿಲ್ಲ. ಎಷ್ಟು, ಯಾರು ಹೇಳಿದ್ದು, ಏನು ನೋಡಿ ಹೇಳಿದ್ದು ಎಂದು ವಾದಿಸಿದ್ದಾರೆ.

ಶಬ್ದದ ಮಾತು ಇಷ್ಟು ಸಾಕು. ಟ್ಯಾಕ್ಸ್ ಎಂದರೆ ಮೂಲದಲ್ಲಿ ಅಂದಾಜು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈಗ ಹಳೆಯ ಕಾಲಕ್ಕೆ ಹೋಗೋಣ.

ಕನ್ನಡ ಶಾಸನಗಳನ್ನು ಓದಿದರೆ ತೆರಿಗೆಯ ಹೆಸರುಗಳ ಒಂದು ಸಂತೆಯೇ ಸಿಗುತ್ತದೆ. ಸಿದ್ಧಾಯ, ಹೆಜ್ಜುಂಕ, ಪನ್ನಾಯ, ಗಾಣದೆರೆ, ಮಗ್ಗದೆರೆ, ಮದುವೆ ಸುಂಕ. ಕುರುಗೋಡಿನಲ್ಲಿ ಸಿಂದರು ಆಳುತ್ತಿದ್ದ 12ನೆಯ ಶತಮಾನದಲ್ಲಿ ಇಂಥ ಹೆಸರುಗಳು ಕನ್ನಡ ನಾಡಿನ ಎಲ್ಲ ಕಡೆ ಬಳಕೆಯಲ್ಲಿದ್ದವು. ಇವುಗಳಲ್ಲಿ ಹೆಚ್ಚಿನವು ಎಣಿಸುವ ತೆರಿಗೆಗಳು. ಗಾಣ ಎಷ್ಟು, ಮಗ್ಗ ಎಷ್ಟು, ಎತ್ತಿನ ಮೇಲೆ ಬಂದ ಹೇರು ಎಷ್ಟು. ಎಣಿಕೆಗೆ ಕಣ್ಣು ಸಾಕು, ಅಂದಾಜು ಬೇಕಿಲ್ಲ. ಚಿಲ್ಲರೆ ಬಾಬುಗಳ ಮೇಲಿನ ಸುಂಕಕ್ಕೆ ಕಿರುಕುಳ ಎನ್ನುತ್ತಿದ್ದರು. ಇವತ್ತು ಆ ಶಬ್ದಕ್ಕೆ ನಾವು ಯಾವ ಅರ್ಥ ಕೊಟ್ಟಿದ್ದೇವೆ ಎಂಬುದು ನಿಮಗೇ ಗೊತ್ತು.

ವಿಜಯನಗರದ ಕಾಲದ ಒಂದು ಸಂಗತಿ ನನಗೆ ಬಹಳ ಇಷ್ಟ. ಅಳಿಯ ರಾಮರಾಯನ ಕಾಲ, 1540ರ ದಶಕ. ಅವನಿಗೆ ಕೊಂಡೋಜ ಎಂಬ ನಾವಿಂದ ಇದ್ದ. ಅವನ ಕೈಚಳಕಕ್ಕೆ ಮೆಚ್ಚಿ ನಾವಿಂದರ ಮೇಲಿನ ತೆರಿಗೆಗಳನ್ನು ಬಿಟ್ಟುಕೊಡಲಾಯಿತು. ಬಾದಾಮಿಯ ಶಾಸನವೊಂದು ಇದನ್ನು ಹೇಳುತ್ತದೆ. ಬೇರೆ ಊರುಗಳಲ್ಲೂ ಇದೇ ಬಗೆಯ ಶಾಸನಗಳಿವೆ. ಯೋಚಿಸಿ ನೋಡಿ. ಒಂದು ವೃತ್ತಿಯವರಿಗೆ ತೆರಿಗೆ ಭಾರವಾಗಿದೆ ಎಂದು ಹೇಳಲು ಎಷ್ಟೋ ಜನ ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿರಬಹುದು. ಆಳುವವನ ಗಲ್ಲ ಮುಟ್ಟುವ ಅಧಿಕಾರ ಇದ್ದವನ ಮಾತು ನಡೆಯಿತು. ಕತ್ತಿ ಗಂಟಲ ಹತ್ತಿರ ಇದ್ದಾಗ ಯಾರಾದರೂ ಉದಾರಿಗಳಾಗುತ್ತಾರೆ ಎಂದು ತಮಾಷೆಗೆ ಹೇಳಬಹುದು.

ಹೊಲದ ತೆರಿಗೆ ಮಾತ್ರ ಎಣಿಕೆಗೆ ಸಿಗುವಂಥದಲ್ಲ. ಅಲ್ಲಿ ಫಸಲಿನ ಪಾಲು. ಕಣದಲ್ಲಿ ರಾಶಿ ಮಾಡಿದ ಮೇಲೆ ಸರ್ಕಾರದ ಕಡೆಯವನು ಬರುವ ತನಕ ರೈತ ಮುಟ್ಟುವಂತಿರಲಿಲ್ಲ. ರಾಶಿಯ ಮೇಲೆ ಅಲ್ಲಲ್ಲಿ ಹಸಿಮಣ್ಣು ಇಟ್ಟು, ಅದರ ಮೇಲೆ ಮರದ ಮುದ್ರೆ ಒತ್ತುತ್ತಿದ್ದರು. ಮುದ್ರೆ ಮುರಿದಿದ್ದರೆ ಕದ್ದಿದ್ದಾನೆ ಎಂದು ಲೆಕ್ಕ. ಮಳೆ ಬಂದು ಮುದ್ರೆ ಕರಗಿದರೆ ಏನು ಮಾಡುತ್ತಿದ್ದರೋ. ರಾಶಿ ಅಳೆಯಲು ಬಂದವನಿಗೆ ಊಟ, ಅವನ ಕುದುರೆಗೆ ಮೇವು. ಅಂದಾಜಿನವನು ಎಷ್ಟು ದಿನ ಊರಲ್ಲಿ ಇದ್ದರೆ ಅಷ್ಟು ಖರ್ಚು.

ಇಲ್ಲಿಯ ತನಕ ಎರಡು ಬಗೆ ನೋಡಿದೆವು. ಎಣಿಸಿ ಹಾಕುವ ಸುಂಕ, ಅಂದಾಜಿನಿಂದ ಹಾಕುವ ಕಂದಾಯ. ಈಗ ಆ ಅಂದಾಜನ್ನು ಕಾಗದಕ್ಕೆ ಇಳಿಸಿದ ಮನುಷ್ಯನ ಹತ್ತಿರ ಬರೋಣ. ಈ ಮಾತಿನ ಮುಖ್ಯ ಭಾಗ ಇದೇ.

1800ನೆಯ ಇಸವಿ. ಟಿಪ್ಪು ಸುಲ್ತಾನ ಮಡಿದು ಒಂದು ವರ್ಷ ಆಗಿತ್ತು. ಬಳ್ಳಾರಿ, ಅನಂತಪುರ, ಕಡಪ ಮತ್ತು ಕರ್ನೂಲಿನ ಕೆಲವು ಭಾಗಗಳನ್ನು ಹೈದರಾಬಾದಿನ ನಿಜಾಮ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಕಂಪನಿಯ ಸೈನ್ಯದ ಖರ್ಚಿಗೆ ಅಂತ. ಹೀಗೆ ಕೊಟ್ಟ ಸೀಮೆಗೆ ದತ್ತ ಮಂಡಲ ಎಂದು ಹೆಸರು. ಸಿರುಗುಪ್ಪ ಅದರೊಳಗೆ ಬಂತು. ಈ ಸೀಮೆಗೆ ಮುಖ್ಯ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಸ್ಕಾಟ್ಲೆಂಡಿನ ಗ್ಲಾಸ್ಗೋದವನು. ಸೈನ್ಯದ ಕೆಡೆಟ್ ಆಗಿ ಮದ್ರಾಸಿಗೆ ಬಂದವನು. ಬಾರಾಮಹಲಿನಲ್ಲಿ ಕಂದಾಯದ ಕೆಲಸ ಕಲಿತು, ಒಂದು ವರ್ಷ ಕೆನರಾ ಜಿಲ್ಲೆಯಲ್ಲಿದ್ದು, ಅಲ್ಲಿಂದ ತಪ್ಪಿಸಿಕೊಂಡು ಹೊರಟರೆ ಸಾಕು ಎಂದು ಇಲ್ಲಿಗೆ ಬಂದ. ಕರಾವಳಿಯ ಮಳೆಯಿಂದ ಬಳ್ಳಾರಿಯ ಬಿಸಿಲಿಗೆ.

ಅವನು ಬಂದಾಗ ಸೀಮೆಯ ಸ್ಥಿತಿ ಚೆನ್ನಾಗಿರಲಿಲ್ಲ. 80ರಷ್ಟು ಪಾಳೇಗಾರರು. ಒಂದೊಂದು ಊರಿಗೂ ಕೋಟೆ, ಒಂದೊಂದು ಕೋಟೆಗೂ ವಸೂಲಿಯವರು. ಮನ್ರೋ ಮೊದಲ ಕೆಲವು ವರ್ಷ ಡೇರೆಯಲ್ಲೇ ಇದ್ದ. ಊರಿಂದ ಊರಿಗೆ ಹೋದ. ಪಾಳೇಗಾರರನ್ನು ಬದಿಗೆ ಸರಿಸಿ, ರೈತನ ಜೊತೆ ನೇರ ಲೆಕ್ಕ ಇಟ್ಟುಕೊಳ್ಳುವುದು ಅವನ ಹಟ. ಇದಕ್ಕೆ ಕುಳವಾರು ಎಂದು ಹೆಸರು. ರೈತವಾರಿ ಎಂದು ಶಾಲೆಯ ಪುಸ್ತಕದಲ್ಲಿ ಓದುತ್ತೀರಿ. ಕುಳ ಎಂದರೆ ಸರ್ಕಾರಕ್ಕೆ ಕಂದಾಯ ಕಟ್ಟುವ ಆಸಾಮಿ. ಇವತ್ತಿಗೂ ದುಡ್ಡಿರುವವನನ್ನು ಕಂಡರೆ ಭಾರಿ ಕುಳ ಎನ್ನುತ್ತೇವೆ. ಅವನು ಏನಾದರೂ ಕಟ್ಟುತ್ತಾನೋ ಇಲ್ಲವೋ ನೋಡುವುದಿಲ್ಲ.

ಪ್ರತಿ ಕುಳದ ಜೊತೆ ಲೆಕ್ಕ ಇಡಬೇಕಾದರೆ ಪ್ರತಿ ಹೊಲ ಅಳೆಯಬೇಕು. 1802ರಲ್ಲಿ ಅಳತೆ ಶುರುವಾಯಿತು. ಆ ಕೆಲಸ ಬಲ್ಲ ಗುಮಾಸ್ತರು ಆಗ ಸಿಕ್ಕಿದ್ದು ನಾಲ್ಕೇ ಜನ. ಅವರಿಂದ ಬೇರೆಯವರಿಗೆ ಕಲಿಸಿ, ಕೊನೆಗೆ ನೂರರಷ್ಟು ಜನ ಆದರು. ಕೈಯಲ್ಲಿ 33 ಅಡಿ ಉದ್ದದ ಸರಪಳಿ. ಆ ಸರಪಳಿ ಉದ್ದ, ಅದೇ ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಇಲ್ಲಿ ಒಂದು ಅಡ್ಡಮಾತು ಹೇಳಿಬಿಡುತ್ತೇನೆ. ಗುಂಟೆಯ ಸರಪಳಿ ನಮ್ಮ ಸೀಮೆಯಲ್ಲಿ ಎಳೆದಾಡಿದರೂ ಇವತ್ತು ನಮ್ಮ ಪಹಣಿಯಲ್ಲಿ ಇರುವುದು ಸೆಂಟ್ಸು. ಮುಂದೆ ಮದ್ರಾಸ್ ಸರ್ಕಾರ ಎಕರೆಯನ್ನು ನೂರು ಪಾಲು ಮಾಡಿತು, ಅದು ಉಳಿಯಿತು. ತುಂಗಭದ್ರೆ ದಾಟಿ ಸಿಂಧನೂರು ತಾಲೂಕಿಗೆ ಹೋಗಿ, ಅಲ್ಲಿ ಗುಂಟೆ. ಹೊಳೆಯ ಆಚೆ ನಿಜಾಮನ ಲೆಕ್ಕ, ಈಚೆ ಮದ್ರಾಸಿನ ಲೆಕ್ಕ. ಎರಡೂ ದಡದಲ್ಲಿ ಮಣ್ಣು ಒಂದೇ, ಮಾತು ಒಂದೇ, ಬೀಗತನ ಬೇರೆ ಇದೆ. ಹೊಲ ಕೊಳ್ಳುವಾಗ ಮಾತ್ರ ಬೀಗರು ಬೆರಳು ಮಡಚಿ ಲೆಕ್ಕ ಹಾಕಬೇಕು.

ಸರಪಳಿ ಹೊಲದ ಉದ್ದಗಲ ಹೇಳುತ್ತದೆ. ಅದರ ಸತ್ವ ಹೇಳುವುದಿಲ್ಲ. ಅದಕ್ಕೆ ತರ ಕಟ್ಟುವವರು ಬಂದರು. ಊರ ಗೌಡ, ಕರಣಂ, ನಾಲ್ಕು ಜನ ರೈತರನ್ನು ಜೊತೆಗೆ ಕರೆದುಕೊಂಡು ಹೊಲದಿಂದ ಹೊಲಕ್ಕೆ ನಡೆದರು. ಇದು ಎರೆ, ಇದು ಮಸಾರಿ, ಇದು ಸವುಳು. ಇದು ಖುಷ್ಕಿ, ಇದು ತರಿ, ಇದು ಬಾಗಾಯ್ತು. ಸಿರುಗುಪ್ಪದ ಹತ್ತಿರ ತರಿ ಹೊಲಗಳು ಆಗಲೇ ಇದ್ದವು. ವಿಜಯನಗರದವರ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಭತ್ತಕ್ಕೆ ನೀರು ಕೊಡುತ್ತಿದ್ದವು. ಅಂಥ ಹೊಲಕ್ಕೆ ಮೇಲಿನ ತರ, ಮೇಲಿನ ದರ. ಒಬ್ಬನ ಹೊಲ ಚೆನ್ನಾಗಿದೆ ಎಂದು ಪಕ್ಕದ ಹೊಲದವನೇ ಹೇಳುತ್ತಾನೆ, ತನ್ನದು ಚೆನ್ನಾಗಿಲ್ಲ ಎಂದು ತಾನೇ ಹೇಳಿಕೊಳ್ಳುತ್ತಾನೆ. ಎರಡನ್ನೂ ಕೇಳಿಸಿಕೊಂಡು ನಡುವೆ ಒಂದು ಗೆರೆ ಎಳೆಯುವುದು ತರ ಕಟ್ಟುವವನ ಕೆಲಸ. ಲ್ಯಾಟಿನ್ ಭಾಷೆಯ ಆ ಹಳೆಯ ಅರ್ಥ, ಮುಟ್ಟಿ ಬೆಲೆ ಕಟ್ಟುವುದು, ನಮ್ಮ ಎರೆ ಹೊಲದಲ್ಲಿ ನಡೆದದ್ದು ಹೀಗೆ.

ಇಷ್ಟು ಕೇಳಿದರೆ ಬಹಳ ನ್ಯಾಯವಾಗಿ ಕಾಣುತ್ತದೆ. ಹೊಲ ಅಳೆದರು, ಮಣ್ಣು ನೋಡಿದರು, ಊರವರನ್ನು ಕೇಳಿದರು. ಆದರೆ ಲೆಕ್ಕದ ಇನ್ನೊಂದು ತುದಿ ಕಚೇರಿಯಲ್ಲಿತ್ತು. ಇಡೀ ಸೀಮೆಯಿಂದ ಒಟ್ಟು ಎಷ್ಟು ಬರಬೇಕು ಎಂಬುದನ್ನು ಹಿಂದಿನ ಸರ್ಕಾರಗಳ ವಸೂಲಿ ನೋಡಿ ಮೊದಲೇ ಗೊತ್ತು ಮಾಡುತ್ತಿದ್ದರು. ಆ ಮೊತ್ತವನ್ನು ಊರುಗಳಿಗೆ ಹಂಚುತ್ತಿದ್ದರು. ಊರಿನ ಪಾಲು ಹೊಲಗಳಿಗೆ ಇಳಿಯುತ್ತಿತ್ತು. ಅಂದರೆ ಅಂದಾಜು ಕೆಳಗಿನಿಂದ ಮೇಲಕ್ಕೆ ಹೋದಂತೆ ಕಾಣುತ್ತದೆ, ಮೊತ್ತ ಮೇಲಿನಿಂದ ಕೆಳಕ್ಕೆ ಬಂದಿದೆ. ಎರಡೂ ನಡುದಾರಿಯಲ್ಲಿ ಎದುರಾದಾಗ ಬಗ್ಗಬೇಕಾದದ್ದು ಯಾವುದು ಎಂದು ಬೇರೆ ಹೇಳಬೇಕಿಲ್ಲ. ನೂರು ಸೇರು ಬೆಳೆದರೆ 45 ಸೇರಿನಷ್ಟು ಸರ್ಕಾರಕ್ಕೆ ಎಂಬ ಮಟ್ಟಕ್ಕೆ ದರ ನಿಂತಿತು. ಏಳು ವರ್ಷದಲ್ಲಿ ಸೀಮೆಯ ಕಂದಾಯ ಒಂದೂವರೆ ಪಟ್ಟು ಆಯಿತು.

ಮನ್ರೋಗೆ ಇದು ಗೊತ್ತಿಲ್ಲದೆ ಇರಲಿಲ್ಲ. 1807ರಲ್ಲಿ ಊರಿಗೆ ಹೊರಡುವ ಮುಂಚೆ ಅವನೇ ಬರೆದ. ದರ ಹೆಚ್ಚಾಗಿದೆ, ನಾಲ್ಕನೆಯ ಒಂದು ಪಾಲು ಇಳಿಸಿ, ಸರ್ಕಾರದ ಪಾಲು ಮೂರನೆಯ ಒಂದು ಪಾಲಿಗೆ ಬಂದು ನಿಲ್ಲಲಿ. ಹಾಗಾದರೆ ರೈತನ ಹೊಲಕ್ಕೆ ಮಾರುವ ಬೆಲೆ ಬರುತ್ತದೆ, ಇಲ್ಲದಿದ್ದರೆ ಹೊಲ ಇಟ್ಟುಕೊಳ್ಳುವುದೇ ಶಿಕ್ಷೆ. ಮದ್ರಾಸಿನವರು ಒಪ್ಪಲಿಲ್ಲ. ರೈತವಾರಿಯನ್ನೇ ಬಿಟ್ಟು ಊರೂರನ್ನು ಗುತ್ತಿಗೆಗೆ ಕೊಟ್ಟರು. ಮೊದಲು ಮೂರು ವರ್ಷದ ಗುತ್ತಿಗೆ, ಆಮೇಲೆ ಹತ್ತು ವರ್ಷದ್ದು. ಗುತ್ತಿಗೆದಾರನಿಗೆ ಅಂದಾಜಿನ ಗೊಡವೆ ಯಾಕೆ? ಹಿಂಡಿದಷ್ಟು ಲಾಭ. ಹಲವರು ತಾವೂ ದಿವಾಳಿ ಎದ್ದು ಊರನ್ನೂ ಎಬ್ಬಿಸಿದರು. 1820ರಲ್ಲಿ ಮನ್ರೋ ಮದ್ರಾಸಿನ ಗವರ್ನರ್ ಆಗಿ ಬಂದ ಮೇಲೆ ರೈತವಾರಿ ಮರಳಿತು, ದರವೂ ಇಳಿಯಿತು.

ಅವನ ಮೇಲೆ ಈ ಸೀಮೆಯ ಜನಕ್ಕೆ ಪ್ರೀತಿ ಇತ್ತು. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಮಂತ್ರಾಲಯದಲ್ಲಿ ಒಂದು ಪ್ರತೀತಿ ಇದೆ, ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಮಂಚಾಲೆ ಗ್ರಾಮ ಮಠಕ್ಕೆ ಇನಾಮು. ಕಂಪನಿ ಸರ್ಕಾರ ಆ ಇನಾಮನ್ನು ವಾಪಸು ಪಡೆಯುವ ಯೋಚನೆ ಮಾಡಿತು. ವಿಚಾರಣೆಗೆ ಬಂದ ಮನ್ರೋ ಬೂಟು, ಟೋಪಿ ತೆಗೆದು ಒಳಗೆ ಹೋದ. ರಾಘವೇಂದ್ರ ಸ್ವಾಮಿಗಳ ಸಮಾಧಿಯಾದ ಬೃಂದಾವನದ ಎದುರು ನಿಂತು ಯಾರ ಜೊತೆಗೋ ಮಾತನಾಡಿದ. ರಾಯರು ಅವನಿಗೊಬ್ಬನಿಗೇ ಕಂಡರು, ಇನಾಮು ಉಳಿಯಿತು. ಕಥೆಯನ್ನು ನಂಬುವವರು ನಂಬುತ್ತಾರೆ. ನನಗೆ ಕಾಣುವುದು ಇನ್ನೊಂದು. ಬೃಂದಾವನದೊಳಗಿನ ಗುರುಗಳೂ ಹೊರಗೆ ಬಂದು ಇನಾಮಿನ ದಾಖಲೆ ವಿವರಿಸಬೇಕಾದಷ್ಟು ಭಯ ಆ ಕಾಲದ ಕಂದಾಯದ್ದು ಎಂದು ಜನ ತಿಳಿದಿದ್ದರು.

ಮನ್ರೋ ಊರಿಗೆ ಹೊರಡುವ ಮೊದಲು ಹಳೆಯ ಸೀಮೆಯನ್ನೊಮ್ಮೆ ನೋಡುತ್ತೇನೆಂದು ಬಂದ. 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬಡಿದು ಸತ್ತ. ಪತ್ತಿಕೊಂಡ ಇವತ್ತು ಆಂಧ್ರದಲ್ಲಿದೆ, ನಮ್ಮಿಂದ ಆದೋನಿ ದಾಟಿ ಆಚೆಗೆ.

ಮನ್ರೋ ಹೊಲಕ್ಕೆ ಸರಪಳಿ ಹಾಕಿದ, ಮಣ್ಣಿಗೆ ತರ ಕಟ್ಟಿದ, ತಾನೇ ಕಟ್ಟಿಸಿದ ದರ ಹೆಚ್ಚಾಯಿತೆಂದು ಹೇಳಿದ. ಇಷ್ಟು ಕೇಳಿದಿರಿ. ಈಗ ಮಣ್ಣಿನ ಇನ್ನೊಂದು ಲೆಕ್ಕ, ಉಪ್ಪಿನದು. ಬೇಗ ಹೇಳಿ ಮುಗಿಸುತ್ತೇನೆ.

ನಮ್ಮ ಸೀಮೆಯ ಸವುಳು ಮಣ್ಣಿನಲ್ಲಿ ಬೆಳೆ ಬರುವುದಿಲ್ಲ. ಆದರೆ ಉಪ್ಪಾರರು ಅದರಿಂದ ಉಪ್ಪು ತೆಗೆಯುತ್ತಿದ್ದರು. ಮಣ್ಣು ಗುಡ್ಡೆ ಮಾಡಿ, ನೀರು ಹೊಯ್ದು, ಬಸಿದ ನೀರನ್ನು ಮಡಿಗಳಲ್ಲಿ ಒಣಗಿಸಿದರೆ ಉಪ್ಪು. ಸಮುದ್ರದ ಉಪ್ಪು ದೂರದಿಂದ ಬರಬೇಕು. ಅದರ ಮೇಲೆ ಸರ್ಕಾರದ ಭಾರಿ ತೆರಿಗೆ ಬೇರೆ. ಊರ ಉಪ್ಪು ಅಗ್ಗ. ಈ ಉಪ್ಪಿಗೆ ತೆರಿಗೆ ಹಾಕಲು ಹೋದರೆ ಅಂದಾಜು ಮಾಡುವವರಿಗೇ ಕಷ್ಟ. ಎಷ್ಟು ಮಣ್ಣಿಗೆ ಎಷ್ಟು ಉಪ್ಪು, ಯಾವ ಗುಡ್ಡೆಯದು, ರಾತ್ರಿ ಎಷ್ಟು ಸಾಗಿತು, ಯಾರು ಕಾಯುವುದು? 19ನೆಯ ಶತಮಾನದ ಕೊನೆಯ ಹೊತ್ತಿಗೆ ಸರ್ಕಾರ ಉಪ್ಪು ತೆಗೆಯುವ ಕೆಲಸವನ್ನೇ ನಿಲ್ಲಿಸಿಬಿಟ್ಟಿತು. ಅಳೆಯಲು ಆಗದ್ದನ್ನು ಇಲ್ಲದಂತೆ ಮಾಡಿದರು. ಉಪ್ಪಾರರಿಗೆ ಹೆಸರು ಉಳಿಯಿತು, ಉಪ್ಪು ಹೋಯಿತು.

ಅಲ್ಲಿಗೆ ಕಂಪನಿ ಮತ್ತು ರಾಣಿ ಸರ್ಕಾರದ ಕಾಲ ಮುಗಿಸೋಣ. ಇನ್ನು ನಮ್ಮ ಕಾಲ. ಅಂದಾಜು ಮಾಡುವ ಕೈ ಬದಲಾಯಿತು, ಅಂದಾಜು ಉಳಿಯಿತು.

1953 ನಮಗೆ ಎರಡು ರೀತಿಯಲ್ಲಿ ದೊಡ್ಡ ವರ್ಷ. ಜುಲೈ ತಿಂಗಳಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟರು. ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೊದಲಾದ ತಾಲೂಕುಗಳು ಮದ್ರಾಸ್ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕಾಲುವೆ ನೀರು ಬಂದ ಮೇಲೆ ಜೋಳ, ಹತ್ತಿಯ ಎರೆ ಹೊಲ ಭತ್ತದ ಗದ್ದೆಯಾಯಿತು. ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿಕೊಂಡರು. ನೀರಿನ ಹಿಂದೆಯೇ ನೀರಿನ ಕರ, ಅದರ ಜೊತೆ ಬೆಟರ್‌ಮೆಂಟ್ ಲೆವಿ. 1957ರಲ್ಲಿ ರಾಜ್ಯದಲ್ಲಿ ಇದಕ್ಕೆಂದೇ ಕಾಯ್ದೆ ಆಯಿತು.

ಬೆಟರ್‌ಮೆಂಟ್ ಲೆವಿ ಎಂದರೆ ಸರ್ಕಾರದ ವಾದ ಹೀಗೆ. ನಿನ್ನ ಹೊಲದ ಪಕ್ಕ ನಾವು ಕಾಲುವೆ ತೆಗೆದೆವು. ಹೊಲದ ಬೆಲೆ ಏರಿತು. ಏರಿದ ಬೆಲೆಯಲ್ಲಿ ನಮಗೂ ಒಂದು ಪಾಲು ಕೊಡು. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ರೈತ ಹೊಲ ಮಾರಿಲ್ಲ. ಕೈಗೆ ದುಡ್ಡು ಬಂದಿಲ್ಲ. ಕಾಲುವೆಯ ಕೊನೆಯಲ್ಲಿದ್ದರೆ ನೀರೂ ಬಂದಿಲ್ಲ. ಬಾರದ ನೀರಿಗೆ, ಮಾರದ ಹೊಲಕ್ಕೆ, ಕಾಣದ ಲಾಭದ ಮೇಲೆ ಅಂದಾಜು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಈ ಅಂದಾಜು ರಕ್ತಕ್ಕೆ ತಿರುಗಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಎದ್ದರು, ಗೋಲಿಬಾರ್ ನಡೆಯಿತು, ಸಾವುಗಳಾದವು. ರಾಜ್ಯದ ರೈತ ಚಳವಳಿ ಅಲ್ಲಿಂದ ಹೊಸ ತಿರುವು ಪಡೆಯಿತು.

ನೀರಿನ ಕರದ್ದು ಇನ್ನೊಂದು ತಕರಾರು. ಕಬ್ಬಿಗೆ ಹೆಚ್ಚು, ಭತ್ತಕ್ಕೆ ಅದಕ್ಕಿಂತ ಕಡಿಮೆ, ಜೋಳದಂಥ ಬೆಳೆಗೆ ಇನ್ನೂ ಕಡಿಮೆ. ಹೊಲದಲ್ಲಿ ನಿಂತಿರುವುದು ಯಾವ ಬೆಳೆ ಎಂದು ಬರೆಯುವವನ ಪೆನ್ನಿನಲ್ಲಿ ದರ ಇದೆ. ಯೋಜನೆಯವರು ಬಹಳ ಹೊಲಗಳನ್ನು ಕಡಿಮೆ ನೀರಿನ ಬೆಳೆಗೆ ಎಂದು ಗೊತ್ತು ಮಾಡಿದ್ದರು. ರೈತರು ಅಲ್ಲೂ ಭತ್ತ ಹಾಕಿದರು. ಕಾಗದದಲ್ಲಿ ಜೋಳ, ಹೊಲದಲ್ಲಿ ಭತ್ತ. ಈಗ ಬೆಳೆ ಸಮೀಕ್ಷೆಗೆ ಮೊಬೈಲ್ ಆ್ಯಪ್ ಬಂದಿದೆ. ಹೊಲದಲ್ಲೇ ನಿಂತು ಫೋಟೋ ತೆಗೆಯಬೇಕು. ಬೇರೆ ಹೊಲದಲ್ಲಿ ನಿಂತರೆ ಫೋನೇ ಒಪ್ಪುವುದಿಲ್ಲ.

ಹೊಲದ ಕಂದಾಯ ಮಾತ್ರ ಇವತ್ತು ಸೊರಗಿಹೋಗಿದೆ. ಪಹಣಿಯ ಕಂದಾಯದ ಕಾಲಂ ನೋಡಿ. ಖುಷ್ಕಿ ಎಕರೆಗೆ ಒಂದೆರಡು ರೂಪಾಯಿ. ಪಹಣಿ ತೆಗೆಸಲು ಕೊಡುವ ಶುಲ್ಕ ಅದಕ್ಕಿಂತ ಹೆಚ್ಚು. ನೂರು ಸೇರಿಗೆ 45 ಸೇರು ಕೊಟ್ಟವರ ಮೊಮ್ಮಕ್ಕಳು ನಾವು.

ಹೊಲ ಮುಗಿಯಿತು, ಕಾಲುವೆ ಮುಗಿಯಿತು. ಕೊನೆಯದಾಗಿ ಊರೊಳಗೆ ಬರುತ್ತೇನೆ.

ಮೊದಲು ಮನೆ ಟ್ಯಾಕ್ಸ್ ಹಾಕಲು ಬಿಲ್ ಕಲೆಕ್ಟರ್ ಬರುತ್ತಿದ್ದ. ಮನೆ ನೋಡಿ, ಬಾಡಿಗೆಗೆ ಕೊಟ್ಟರೆ ಎಷ್ಟು ಬರಬಹುದು ಎಂದು ತಾನೇ ಲೆಕ್ಕ ಹಾಕುತ್ತಿದ್ದ. ಈಗ ನಗರಸಭೆಗಳಲ್ಲಿ ಸ್ವಯಂ ಘೋಷಣೆ. ನಿಮ್ಮ ಮನೆಯ ಅಡಿ ನೀವೇ ಅಳೆಯಿರಿ, ಆರ್‌ಸಿಸಿಯೋ, ಹಂಚೋ, ತಗಡೋ ನೀವೇ ಬರೆಯಿರಿ, ದರದ ಪಟ್ಟಿ ನೋಡಿ ನೀವೇ ಲೆಕ್ಕ ಮಾಡಿ. ಏಪ್ರಿಲ್ ತಿಂಗಳೊಳಗೆ ಕಟ್ಟಿದರೆ ನೂರಕ್ಕೆ ಐದು ರೂಪಾಯಿ ರಿಯಾಯಿತಿ. ಟೇಪು ನಮ್ಮ ಕೈಗೆ ಬಂದಿದೆ. ನಮ್ಮ ಕೈಗೆ ಬಂದ ಟೇಪು ಎಲ್ಲರ ಮನೆಯಲ್ಲೂ ಸ್ವಲ್ಪ ಉದ್ದವಾಗಿರುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಉದ್ದದ ಟೇಪಿನಲ್ಲಿ ಅಳೆದರೆ ಮನೆ ಚಿಕ್ಕದಾಗುತ್ತದಲ್ಲ.

ಇನ್ನು ಜಿಎಸ್‌ಟಿ. 2017ರ ಜುಲೈ 1ರಿಂದ ಬಂತು. ಸಿರುಗುಪ್ಪ ಅಕ್ಕಿ ಗಿರಣಿಗಳ ಊರು. ಇಲ್ಲಿಯವರಿಗೆ ನೆನಪಿರುವ ತಾರೀಕು ಇನ್ನೊಂದಿದೆ. 2022ರ ಜುಲೈ 18. ಅದಕ್ಕೆ ಮುಂಚೆ ಬ್ರಾಂಡ್ ಇದ್ದ ಅಕ್ಕಿಗೆ ಮಾತ್ರ ಶೇಕಡಾ 5 ತೆರಿಗೆ. ಅಂದಿನಿಂದ ಮೊದಲೇ ತೂಗಿ, ಹೊಲಿದು, ಚೀಟಿ ಅಂಟಿಸಿದ ಎಲ್ಲ ಅಕ್ಕಿಗೂ ಶೇಕಡಾ 5. ಆದರೆ 25 ಕೆಜಿ ಮೀರಿದ ಚೀಲಕ್ಕೆ ಇಲ್ಲ. ಈ ಗೆರೆ ಬಿದ್ದ ಮೇಲೆ ಅಕ್ಕಿ ಅಂಗಡಿಗಳಲ್ಲಿ 26 ಕೆಜಿಯ ಚೀಲ ಹುಟ್ಟಿತು.

ಅಂಗಡಿಯಲ್ಲಿ ಮಾತು ಹೀಗೆ ನಡೆಯುತ್ತದೆ.

"ಅಣ್ಣಾ, ಇದ್ಯಾಕ ಇಪ್ಪತ್ತಾರು ಕೆಜಿ? ಮದ್ಲು ಇಪ್ಪತ್ತೈದು ಇತ್ತಲ್ಲ?"

"ಇದಕ್ಕ ಟ್ಯಾಕ್ಸ್ ಇಲ್ಲಮ್ಮ. ಒಂದು ಕೆಜಿ ಜಾಸ್ತಿ ಒಯ್ಯಿ, ಟ್ಯಾಕ್ಸ್ ಉಳಿಸ್ಕೋ."

"ಹತ್ತು ಕೆಜಿ ಚೀಲಕ್ಕ?"

"ಅದಕ್ಕ ಐತಿ."

"ನಮ್ಮನ್ಯಾಗ ಇರೋರು ಮೂರೇ ಮಂದಿ. ಇಪ್ಪತ್ತಾರು ಕೆಜಿ ಒಯ್ದು ಏನ್ ಮಾಡ್ಲಿ, ಹುಳ ಬೀಳ್ತಾವ."

"ಹಂಗಾದ್ರ ಬಿಡಿ ಅಕ್ಕಿ ತೂಗಿಕೊಡ್ತೀನಿ ತಗೋ. ಚೀಲ ಬಿಚ್ಚಿ ತೂಗಿದ್ರ ಟ್ಯಾಕ್ಸ್ ಇಲ್ಲ."

ಅಕ್ಕಿ ಒಂದೇ. ಹೊಲಿದ ಹತ್ತು ಕೆಜಿಗೆ ತೆರಿಗೆ ಇದೆ, ಬಿಚ್ಚಿದ ಹತ್ತು ಕೆಜಿಗೆ ಇಲ್ಲ, ಹೊಲಿದ 26 ಕೆಜಿಗೂ ಇಲ್ಲ. ಗಿರಣಿಯವರು ಚೀಲದ ಲೆಕ್ಕ ಬದಲಿಸಿದರು, ಅಂಗಡಿಯವರು ತಕ್ಕಡಿ ಹೊರಗೆ ತೆಗೆದರು. ಆ ತಾಯಿ ಬಿಡಿ ಅಕ್ಕಿಯನ್ನೇ ಕೇಳಿದಳು. ತೂಗುವ ಮುಂಚೆ ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ನುಚ್ಚು ಎಷ್ಟಿದೆ ಎಂದು ನೋಡಿ, ಕೆಜಿಗೆ ಎರಡು ರೂಪಾಯಿ ಕಡಿಮೆ ಮಾಡು ಎಂದಳು.